ತಾಂತ್ರಿಕ ವಿದ್ಯಾರ್ಥಿಗಳ ಪೌರಹೊಣೆ

ತಾಂತ್ರಿಕ ಶಿಕ್ಷಣ ಪಡೆಯುತ್ತಿರುವ ಯುವಜನರಿಂದ ಒಂದು ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ: ರಾಜಕೀಯ ನಮಗೆ ಸಂಬಂಧಿಸಿದ್ದಲ್ಲ, ಓದು, ಅಂಕ, ಉದ್ಯೋಗ ಇಷ್ಟೇ ಸಾಕು. ಈ ಮಾತಿನಲ್ಲಿ ಎರಡು ವಿಷಯಗಳು ಬೆರೆತುಹೋಗಿವೆ. ಪಕ್ಷಗಳ ಕಲಹದಿಂದ ದೂರವಿರುವುದು ಅವರವರ ಇಚ್ಛೆ. ಪೌರತ್ವದ ಹೊಣೆಯಿಂದ ದೂರ ಸರಿಯುವುದು ಹಾಗಲ್ಲ.

ಇಂಜಿನಿಯರ್ ವೃತ್ತಿಯನ್ನೇ ಗಮನಿಸೋಣ. ಕುಡಿಯುವ ನೀರಿನ ಕೊಳವೆಯ ಗಾತ್ರವನ್ನೂ ಒತ್ತಡವನ್ನೂ ಲೆಕ್ಕ ಹಾಕುವವರು ಇಂಜಿನಿಯರುಗಳು. ಆದರೆ ಆ ನೀರು ಯಾವ ಕೇರಿಗೆ ಮೊದಲು ಹರಿಯಬೇಕು, ಅದಕ್ಕೆ ಎಷ್ಟು ಹಣ ಸಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಜನರು ಆರಿಸಿದ ಸಭೆ. ಲೆಕ್ಕ ಬಲ್ಲವರು ಈ ತೀರ್ಮಾನಗಳಿಂದ ದೂರ ಉಳಿದರೆ ನಷ್ಟವಾಗುವುದು ಊರಿಗೆ.

ನಮ್ಮ ನಾಡಿನ ಅನೇಕ ಇಂಜಿನಿಯರಿಂಗ್ ಕಾಲೇಜುಗಳು ಸೇರಿರುವ ವಿಶ್ವವಿದ್ಯಾಲಯವು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಅವರು ಕನ್ನಂಬಾಡಿ ಅಣೆಕಟ್ಟೆಯಿಂದ ಖ್ಯಾತರಾದಂತೆಯೇ 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರೂ ಆಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಅವರ ಆಡಳಿತದಲ್ಲಿಯೇ. ತಂತ್ರಜ್ಞಾನವೂ ಸಾರ್ವಜನಿಕ ಜೀವನವೂ ಅವರಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಇನ್ನು ಕಾನೂನಿನ ಮಾತು. 1988ರಲ್ಲಿ ಅಂಗೀಕಾರವಾದ ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಸಾಮಾನ್ಯವಾಗಿ ವಿದ್ಯಾರ್ಥಿಯು ಮನೆ ಬಿಟ್ಟು ಹಾಸ್ಟೆಲ್ ಸೇರುವುದೂ ಇದೇ ವಯಸ್ಸಿನಲ್ಲಿ. ಹೀಗಾಗಿ ಹಲವರ ಹೆಸರು ಊರಿನ ಪಟ್ಟಿಯಲ್ಲಿಯೂ ಇರುವುದಿಲ್ಲ, ನಗರದ ಪಟ್ಟಿಯಲ್ಲಿಯೂ ಇರುವುದಿಲ್ಲ. ಹೆಸರು ಊರಿನಲ್ಲಿದ್ದರೂ ಮತದಾನದ ದಿನ ಪರೀಕ್ಷೆಯ ಕಾರಣದಿಂದ ಹೋಗಲಾಗದೆ ಮತ ವ್ಯರ್ಥವಾಗುವುದುಂಟು.

ಇದಕ್ಕೆ ದಾರಿಯಿದೆ. ಹಾಸ್ಟೆಲ್ಲಿನಲ್ಲಿ ವಾಸಿಸುವ ವಿದ್ಯಾರ್ಥಿಯು ತಂದೆತಾಯಿಯರ ಮನೆಯ ವಿಳಾಸದಲ್ಲಾಗಲಿ, ಹಾಸ್ಟೆಲ್ಲಿನ ವಿಳಾಸದಲ್ಲಾಗಲಿ ಹೆಸರು ನೋಂದಾಯಿಸಬಹುದು. ಎರಡೂ ಕಡೆ ನೋಂದಾಯಿಸುವಂತಿಲ್ಲ. ಹೊಸ ಮತದಾರರಿಗಿರುವುದು ನಮೂನೆ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ದಿನಾಂಕಗಳನ್ನು ವಯಸ್ಸಿನ ಅರ್ಹತಾ ದಿನಗಳಾಗಿ ಪರಿಗಣಿಸುವುದರಿಂದ, 18 ತುಂಬಿದವರು ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ.

ಹಕ್ಕು ಇಲ್ಲಿಗೆ ಮುಗಿಯುವುದಿಲ್ಲ. 21 ತುಂಬಿದವರು ಗ್ರಾಮ ಪಂಚಾಯಿತಿಗೆ ಸ್ಪರ್ಧಿಸಬಹುದು. ಪದವಿ ಪಡೆದು ಮೂರು ವರ್ಷ ಕಳೆದವರು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಕರ್ನಾಟಕದಲ್ಲಿ ಅಂತಹ 7 ಕ್ಷೇತ್ರಗಳಿವೆ. ಅದಕ್ಕೆ ಪ್ರತ್ಯೇಕ ನೋಂದಣಿ ಅಗತ್ಯ.

ಮತ ಯಾರಿಗೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ವರ್ಷ ಇರುವ ಊರಿನ ನೀರು ಕುಡಿದು, ಅಲ್ಲಿನ ರಸ್ತೆಯಲ್ಲಿ ನಡೆದು, ಆ ಊರಿನ ಆಗುಹೋಗುಗಳಿಗೆ ಅತಿಥಿಯಂತೆ ಉಳಿಯುವುದು ಮಾತ್ರ ಕಲಿತವರಿಗೆ ಸಲ್ಲದು. ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ವಿದ್ಯಾರ್ಥಿಗಳು ಇಂದೇ ನೋಡಿಕೊಳ್ಳಲಿ. ಪಾಲಕರೂ ಅಧ್ಯಾಪಕರೂ ನೆನಪಿಸಲಿ ಎಂದು ನಾವು ಆಶಿಸುತ್ತೇವೆ.