ನಿಂತ ಕಾರಿನ ಕಾರ್ಬ್ಯುರೆಟರು ಸೋರಿದಾಗ

ಕಲ್ಯಾಣ ನಗರದಂಥ ಬಡಾವಣೆಗಳ ಮನೆಗಳಲ್ಲಿ ತಂದೆಯ ಕಾಲದ ಅಂಬಾಸಡರೋ ತಾತನ ಮಾರಿಸ್ ಮೈನರೋ ವರುಷಗಟ್ಟಲೆ ಮುಸುಕು ಹೊದ್ದು ನಿಂತಿರುವುದುಂಟು. ಒಂದು ದಿನ ಯಜಮಾನರು ಉತ್ಸಾಹಗೊಂಡು ಹೊಸ ಬ್ಯಾಟರಿ ಹಾಕಿಸಿ, ಪೆಟ್ರೋಲು ತುಂಬಿಸಿ, ಕೀಲಿ ತಿರುವುತ್ತಾರೆ. ಯಂತ್ರವೇನೋ ಕೆಮ್ಮಿಕೊಂಡು ಎಚ್ಚರಗೊಳ್ಳುತ್ತದೆ. ಆದರೆ ಕಾರ್ಬ್ಯುರೆಟರಿನಿಂದ ಪೆಟ್ರೋಲು ತೊಟ್ಟಿಕ್ಕತೊಡಗುತ್ತದೆ.

ಆಗ ತಿರುಪುಳಿ ಹಿಡಿದು ಕಂಡ ಸ್ಕ್ರೂಗಳನ್ನೆಲ್ಲ ಬಿಗಿಯುವುದು ತರವಲ್ಲ. ಮೊದಲು ಯಂತ್ರವನ್ನು ನಿಲ್ಲಿಸತಕ್ಕದ್ದು. ಅನೇಕ ಹಳೆಯ ಕಾರುಗಳಲ್ಲಿ ಕಾಯ್ದ ಹೊಗೆಕೊಳವೆಯು ಕಾರ್ಬ್ಯುರೆಟರಿನ ಸಮೀಪದಲ್ಲಿಯೇ ಇರುತ್ತದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು; ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಕಾರನ್ನು ಬಯಲಿಗೆ ತಳ್ಳಿ, ಯಂತ್ರ ತಣ್ಣಗಾಗಿ ಆವಿ ಚೆದುರಿದ ಮೇಲೆಯೇ ಬ್ಯಾಟರಿಯ ತಂತಿಯನ್ನು ಬಿಡಿಸಬೇಕು.

ಇನ್ನು ಕಾರಣದ ವಿಚಾರ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ಚೆಂಡು ತೇಲಿ ನಲ್ಲಿಯನ್ನು ಮುಚ್ಚುವಂತೆ, ಕಾರ್ಬ್ಯುರೆಟರಿನ ಬಟ್ಟಲಿನಲ್ಲಿ ಫ್ಲೋಟ್ ಮೇಲೆದ್ದು ಸೂಜಿಯೊಂದನ್ನು ಒತ್ತಿ ಪೆಟ್ರೋಲನ್ನು ತಡೆಯುತ್ತದೆ. ಕಾರು ನಿಂತಿರುವಾಗ ಪೆಟ್ರೋಲಿನ ಹಗುರವಾದ ಅಂಶ ಆರಿಹೋಗಿ, ಉಳಿದುದು ಅರಗಿನಂತೆ ಗಟ್ಟಿಯಾಗುತ್ತದೆ. ಸೂಜಿ ಅದರಲ್ಲಿ ಅಂಟಿಕೊಂಡರೆ ಬಟ್ಟಲು ತುಂಬಿ ಹರಿಯುತ್ತದೆ. ಇದು ಸೋರಿಕೆಯಲ್ಲ, ಉಕ್ಕುವಿಕೆ. ಸ್ಕ್ರೂ ಎಷ್ಟು ಬಿಗಿದರೂ ನಿಲ್ಲದು. ಮೃದುವಾದ ಲೋಹದ ಮುಚ್ಚಳ ಬಾಗಿ, ಇಲ್ಲದ ಸೋರಿಕೆಯೊಂದು ಹೊಸದಾಗಿ ಹುಟ್ಟೀತು!

ಎರಡನ್ನೂ ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಎಲ್ಲವನ್ನೂ ಒರೆಸಿ ಒಣಗಿಸಿ, ಪಂಪಿಗೆ ಕೈಸನ್ನೆಯಿದ್ದರೆ ಅದನ್ನು ಒತ್ತುತ್ತ ಮೊದಲು ಒದ್ದೆಯಾಗುವ ಜಾಗವನ್ನು ನೋಡಬೇಕು. ಮಾರಿಸ್ ಮೈನರಿನ ವಿದ್ಯುತ್ ಪಂಪಾದರೆ ಕಿವಿಯೇ ಸಾಕು. ಬಟ್ಟಲು ತುಂಬಿದೊಡನೆ ಅದರ ಟಿಕ್ ಟಿಕ್ ನಿಲ್ಲಬೇಕು. ನಿಲ್ಲದೆ, ಮೇಲಿನಿಂದ ಪೆಟ್ರೋಲು ಉಕ್ಕಿದರೆ ದೋಷ ಸೂಜಿಯಲ್ಲಿ ಅಥವಾ ಫ್ಲೋಟಿನಲ್ಲಿ. ಕೆಳಗಿನ ಜೋಡಣೆಯಲ್ಲಿ ಒದ್ದೆಯಾದರೆ ಗ್ಯಾಸ್ಕೆಟ್ಟೋ ವಾಷರೋ ಒಣಗಿ ಕುಗ್ಗಿದೆ. ಹಳೆಯ ಎಸ್‌.ಯು. ಕಾರ್ಬ್ಯುರೆಟರುಗಳ ಜೆಟ್ಟಿನ ಸುತ್ತ ಬೆಂಡಿನ ಬಳೆಗಳಿರುತ್ತಿದ್ದುವು; ಒಣಗಿದರೆ ಅವೂ ಸೋರುತ್ತವೆ.

ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿ ಮುಳುಗುತ್ತಿದೆ. ಬೆಂಕಿಯಿಂದ ದೂರದಲ್ಲಿ, ಬಿಸಿನೀರಿನಲ್ಲಿ ಅದ್ದಿದರೆ ಗುಳ್ಳೆಗಳು ತೂತನ್ನು ತೋರಿಸಿಕೊಡುತ್ತವೆ. ಒಳಗಿನ ಪೆಟ್ರೋಲು ಪೂರ್ತಿ ಹೋಗದೆ ಬೆಸುಗೆಯ ಕಾವನ್ನು ತಾಗಿಸಿದರೆ ಅದು ಸಿಡಿಯಬಹುದು. ಬೆಸುಗೆ ಹೆಚ್ಚಾದರೆ ಫ್ಲೋಟು ಭಾರವಾಗಿ ಮತ್ತೆ ಉಕ್ಕುತ್ತದೆ. ಹೊಸ ಫ್ಲೋಟು ದೊರೆತರೆ ಅದೇ ಲೇಸು. ಸೂಜಿಯ ತುದಿಯಲ್ಲಿ ಬಳೆಯಂಥ ಸವೆತ ಕಂಡರೆ ಅದು ಕೂರುವ ಪೀಠವನ್ನೂ ಜೊತೆಗೇ ಬದಲಿಸಬೇಕು. ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗೆ ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಹೋಗಿ. ನೆನಪಿನ ಅಳತೆ ಸಾಲದು.

ಪೆಟ್ರೋಲಿನ ಗುಣವೂ ಬದಲಾಗಿದೆ. ಕಬ್ಬಿನ ಮದ್ಯಸಾರ ಬೆರೆಸುವುದು ನಮ್ಮ ನಾಡಿಗೆ ಹೊಸತಲ್ಲ. ಸಂಸ್ಥಾನದ ಕಾಲದಲ್ಲೇ ಮಂಡ್ಯದಲ್ಲಿ ಪವರ್ ಆಲ್ಕೊಹಾಲ್ ತಯಾರಾಗುತ್ತಿತ್ತು. ಆದರೆ 2025ರ ವೇಳೆಗೆ ಎಥೆನಾಲಿನ ಪಾಲು ನೂರಕ್ಕೆ 20ಕ್ಕೆ ಮುಟ್ಟಿತು. ಎಥೆನಾಲು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದುದರಿಂದ ಕೊಳವೆಗಳನ್ನೂ ಅದಕ್ಕೊಪ್ಪುವ ರಬ್ಬರಿನವಕ್ಕೆ ಬದಲಿಸುವುದು ಅಗತ್ಯ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಸಿದು ತುಕ್ಕನ್ನು ತೊಳೆಯದಿದ್ದರೆ, ಅದರದೊಂದು ಕಣ ಹೊಸ ಸೂಜಿಯಡಿ ಸೇರಿ, ವಾರದೊಳಗೆ ಮತ್ತೆ ಅದೇ ತೊಟ್ಟಿಕ್ಕುವಿಕೆ.