ಕಂಪ್ಯೂಟರಿಗೆ ಹೇಳಿದ ಒಳ್ಳೆಯ ಸುಳ್ಳು

ಮಕ್ಕಳೇ, ಅಪೋಲೋ 11ರ ಕಥೆ ನಿಮಗೆಲ್ಲ ಗೊತ್ತು. ಅಪೋಲೋ 14ರದು ನಿಮ್ಮ ಅಜ್ಜ-ಅಜ್ಜಿಯರಿಗೂ ಮರೆತಿರಬಹುದು. ಆ ನೌಕೆ ಚಂದ್ರನ ಮೇಲೆ ಇಳಿಯಲು ನೆರವಾದವನು ಭೂಮಿಯ ಮೇಲೆ ಕುಳಿತಿದ್ದ ಒಬ್ಬ ಪ್ರೋಗ್ರಾಮರ್!

1971ರ ಫೆಬ್ರವರಿ 5. ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ 'ಅಂಟಾರಿಸ್' ಎಂಬ ಪುಟ್ಟ ನೌಕೆಯಲ್ಲಿ ಚಂದ್ರನನ್ನು ಸುತ್ತುತ್ತಿದ್ದರು. ಇಳಿಯಲು ಕೆಲವೇ ಗಂಟೆ ಉಳಿದಿತ್ತು. ಹೂಸ್ಟನ್ ಕೇಂದ್ರದವರಿಗೆ ಆಗ ಒಂದು ವಿಚಿತ್ರ ಕಂಡಿತು. ನೌಕೆಯಲ್ಲಿ 'ಅಬಾರ್ಟ್' ಎಂಬ ಗುಂಡಿ ಇತ್ತು. ಇಳಿಯುವುದನ್ನು ಕೈಬಿಟ್ಟು ಮೇಲಕ್ಕೆ ಹಿಂದಿರುಗು ಎಂದು ಹೇಳುವ ಗುಂಡಿ. ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಒತ್ತಿದಂತೆ ಕಂಪ್ಯೂಟರಿಗೆ ಸಂಕೇತ ಹೋಗುತ್ತಿತ್ತು. ಫಲಕವನ್ನು ತಟ್ಟಿದರೆ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಒಳಗೆ ಬೆಸುಗೆಯ ಚೂರೊಂದು ತೇಲಾಡುತ್ತಿರಬೇಕೆಂದು ಊಹಿಸಿದರು. ಇಳಿಯುವಾಗ ಹೀಗಾದರೆ ಕಂಪ್ಯೂಟರ್ ನೌಕೆಯನ್ನು ತಾನಾಗಿಯೇ ಹಿಂದಕ್ಕೆ ಒಯ್ಯುತ್ತಿತ್ತು. ಹಿಂದಿನ ವರ್ಷ ಅಪೋಲೋ 13 ಕೂಡ ಇಳಿಯದೆ ಮರಳಿತ್ತು.

ಪ್ರೋಗ್ರಾಂ ತಿದ್ದೋಣವೆಂದರೆ ಅದನ್ನು ತಂತಿಗಳಲ್ಲಿ ಹೆಣೆದು ಇಟ್ಟಿದ್ದರು, ಬದಲಿಸುವಂತಿರಲಿಲ್ಲ. ಕೆಲಸ ಬಂದದ್ದು ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿದ್ದ ಡಾನ್ ಐಲ್ಸ್ ಎಂಬ ತರುಣನಿಗೆ. ಇಳಿಯುವ ಭಾಗದ ಪ್ರೋಗ್ರಾಂ ಬರೆದವರಲ್ಲಿ ಆತನೂ ಒಬ್ಬ. ಎಲ್ಲಿ ಏನಿದೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಆತ ಕಂಡುಕೊಂಡ ಉಪಾಯ ಒಂದು ಸುಳ್ಳು! 'ನೀನು ಆಗಲೇ ಹಿಂದಿರುಗುವ ಕೆಲಸದಲ್ಲಿದ್ದೀಯೆ' ಎಂದು ಕಂಪ್ಯೂಟರನ್ನು ನಂಬಿಸುವುದು. ಹಾಜರಿ ಹಾಕಿದ ಮೇಲೆ ಮೇಷ್ಟ್ರು ಮತ್ತೆ ಹೆಸರು ಕೂಗುವುದಿಲ್ಲವಲ್ಲ, ಹಾಗೆಯೇ ಕಂಪ್ಯೂಟರ್ ಆ ಗುಂಡಿಯತ್ತ ನೋಡುವುದನ್ನೇ ಬಿಡುತ್ತಿತ್ತು. ಆದರೆ ಈ ಸುಳ್ಳಿನಿಂದ ಎಂಜಿನ್‌ನ ವೇಗ ತಾನಾಗಿ ಏರದಂತಾಗುತ್ತಿತ್ತು. ಅದಕ್ಕೂ ದಾರಿ ಹುಡುಕಿದರು: ಶೆಪರ್ಡ್ ಕೈಯಿಂದಲೇ ವೇಗ ಏರಿಸುವುದು, ಆಮೇಲೆ ಇನ್ನಷ್ಟು ಅಂಕಿ ಒತ್ತಿ ಎಲ್ಲವನ್ನೂ ಸರಿಸ್ಥಿತಿಗೆ ತರುವುದು.

ಇಷ್ಟಕ್ಕೆ ಹಿಡಿದದ್ದು ಸುಮಾರು ಎರಡು ಗಂಟೆ. ಅಷ್ಟು ಅವಸರದಲ್ಲೂ ಪ್ರಯೋಗಾಲಯದವರು ನೌಕೆಯಂತೆಯೇ ವರ್ತಿಸುವ ಮಾದರಿಯಲ್ಲಿ ಅದನ್ನು ಪರೀಕ್ಷಿಸಿದ ಮೇಲೆಯೇ ಹೂಸ್ಟನ್‌ಗೆ ಕಳಿಸಿದರು. ಹೂಸ್ಟನ್‌ನವರು ರೇಡಿಯೋದಲ್ಲಿ ಓದಿ ಹೇಳಿದರು, ಮಿಚೆಲ್ ಅಂಕಿಗಳನ್ನು ಒತ್ತಿದರು.

ಬ್ಯಾಂಕಿನಲ್ಲಿ ವರ್ಷದ ಕೊನೆಯ ರಾತ್ರಿ ಲೆಕ್ಕ ಮುಗಿಸುತ್ತಿದ್ದ ನಮ್ಮಂಥ ಗುಮಾಸ್ತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗಡಿಯಾರ ಓಡುತ್ತಿರುವಾಗಲೇ ಮೊತ್ತವನ್ನು ಎರಡನೆಯ ಸಲ ಕೂಡಬೇಕು. ಪರೀಕ್ಷೆಯಲ್ಲಿ ಹತ್ತೇ ನಿಮಿಷ ಉಳಿದಾಗ ನೀವೂ ಹಾಗೆ ಮಾಡಿ ನೋಡಿ.

ಅಂಟಾರಿಸ್ 'ಫ್ರಾ ಮೌರೋ' ಎಂಬಲ್ಲಿ ಸುರಕ್ಷಿತವಾಗಿ ಇಳಿಯಿತು. ಮರುದಿನ ಶೆಪರ್ಡ್ ಚಂದ್ರನ ಮೇಲೆ ಎರಡು ಗಾಲ್ಫ್ ಚೆಂಡು ಹೊಡೆದರು. ಅವು ಇಂದಿಗೂ ಅಲ್ಲೇ ಬಿದ್ದಿವೆ.