ಕಾರ್ಡ್ ವ್ಯವಹಾರ: ಹತ್ತು ಸಾವಿರದ ಬಿಲ್ಲಿನಲ್ಲಿ ವರ್ತಕನ ಕೈಗೆ ಬರುವುದೆಷ್ಟು?

ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರವೆಂಬ ವರ್ತಕ ಸಮೂಹಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರ ವ್ಯವಸ್ಥೆಯನ್ನು ವಿಧಿಸಿದನು. ಯಾವ ಮನೆಯವರು ಎಷ್ಟು ತೆರಬೇಕೆಂಬುದನ್ನು ಆ ಶಾಸನದಲ್ಲಿ ಕಲ್ಲಿನ ಮೇಲೆಯೇ ಬರೆಯಿಸಲಾಗಿದೆ. ಇಂದು ಅದೇ ಊರಿನ ಅಂಗಡಿಕಾರರು ಕಾರ್ಡ್ ಯಂತ್ರವನ್ನು ಪಡೆಯುವಾಗ ಸಹಿ ಮಾಡುವ ಒಪ್ಪಂದವೂ ತೆರುವ ಲೆಕ್ಕವನ್ನೇ ಹೇಳುತ್ತದೆ. ಆದರೆ ಸಣ್ಣ ಅಕ್ಷರಗಳ ಆ ಪುಟಗಳನ್ನು ಓದಿ ಸಹಿ ಮಾಡುವವರು ವಿರಳ.

ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕ್ರೆಡಿಟ್ ಕಾರ್ಡನ್ನು ಆರಂಭಿಸಿತು. ಬಹುಕಾಲ ದೊಡ್ಡ ನಗರಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು ಸಣ್ಣ ಪಟ್ಟಣಗಳಿಗೂ ತಲುಪಿಸಲು ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಪಾವತಿ ಮೂಲಸೌಕರ್ಯ ಅಭಿವೃದ್ಧಿ ನಿಧಿಯನ್ನು ಜಾರಿಗೆ ತಂದಿತು. 2011ರ ಜನಗಣತಿಯಂತೆ 36 ಸಾವಿರಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಲಕ್ಷ್ಮೇಶ್ವರದಂತಹ ಊರುಗಳೇ ಆ ನಿಧಿಯ ಗುರಿಯಾಗಿದ್ದವು.

ಹಣ ಸಾಗುವ ದಾರಿ

ಗ್ರಾಹಕರು ಕಾರ್ಡನ್ನು ಯಂತ್ರಕ್ಕೆ ಹಾಕಿ ಪಿನ್ ಒತ್ತಿದೊಡನೆ ಆ ಕೋರಿಕೆಯು ಯಂತ್ರ ಒದಗಿಸಿದ ವರ್ತಕರ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಕಾರ್ಡ್ ನೀಡಿದ ಬ್ಯಾಂಕನ್ನು ತಲುಪುತ್ತದೆ. ಕಾರ್ಡ್ ನೈಜವೇ, ಮಿತಿ ಉಳಿದಿದೆಯೇ ಎಂದು ಪರಿಶೀಲಿಸಿ ಆ ಬ್ಯಾಂಕು ನೀಡುವ ಒಪ್ಪಿಗೆಯು ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಚೀಟಿ ಹೊರಬರುತ್ತದೆ.

ಆದರೆ ಚೀಟಿ ಬಂದಿತೆಂದರೆ ಹಣ ಬಂದಿತೆಂದಲ್ಲ. ಅದು ಕೇವಲ ಒಪ್ಪಿಗೆ. ದಿನದ ವ್ಯವಹಾರಗಳೆಲ್ಲವೂ ಒಟ್ಟುಗೂಡಿ, ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆದ ಮೇಲೆ, ಸಾಮಾನ್ಯವಾಗಿ ಮುಂದಿನ ಕೆಲಸದ ದಿನ, ಶುಲ್ಕ ಕಳೆದು ಉಳಿದ ಮೊತ್ತ ವರ್ತಕರ ಖಾತೆಗೆ ಜಮೆಯಾಗುತ್ತದೆ.

ಕಡಿತದ ಲೆಕ್ಕ

ಈ ಶುಲ್ಕಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್, ಸಂಕ್ಷೇಪವಾಗಿ ಎಂ.ಡಿ.ಆರ್. ಎಂದು ಹೆಸರು. ಇದರ ದೊಡ್ಡ ಪಾಲು ಕಾರ್ಡ್ ನೀಡಿದ ಬ್ಯಾಂಕಿಗೂ ಉಳಿದದ್ದು ಜಾಲಕ್ಕೂ ಯಂತ್ರ ಒದಗಿಸಿದವರಿಗೂ ಸಲ್ಲುತ್ತದೆ. ಉದಾಹರಣೆಗೆ, ಬಟ್ಟೆ ಅಂಗಡಿಯೊಂದರಲ್ಲಿ ರೂ. 10,000 ಬೆಲೆಯ ಮದುವೆ ಜವಳಿ ಕ್ರೆಡಿಟ್ ಕಾರ್ಡಿನ ಮೇಲೆ ಮಾರಾಟವಾಯಿತೆನ್ನೋಣ. ಎಂ.ಡಿ.ಆರ್. ಶೇ. 2 ಆಗಿದ್ದರೆ ಶುಲ್ಕ ರೂ. 200. ಅದರ ಮೇಲೆ ಶೇ. 18 ಜಿ.ಎಸ್.ಟಿ. ರೂ. 36. ಖಾತೆಗೆ ಬರುವುದು ರೂ. 9,764. ಆ ಮಾಲಿನಲ್ಲಿ ಲಾಭಾಂಶ ಶೇ. 8 ಇದ್ದರೆ ರೂ. 800ರ ಲಾಭದಲ್ಲಿ ರೂ. 236, ಅಂದರೆ ಸುಮಾರು ಶೇ. 30ರಷ್ಟು, ಇಲ್ಲಿಯೇ ಕರಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ರೂ. 36ನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಆ ಅವಕಾಶವಿಲ್ಲ.

ಎಲ್ಲ ಕಾರ್ಡುಗಳಿಗೂ ದರ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಡೆಬಿಟ್ ಕಾರ್ಡಿಗೆ 2018ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಮಿತಿಯಂತೆ, ಹಿಂದಿನ ವರ್ಷದ ವಹಿವಾಟು ರೂ. 20 ಲಕ್ಷದೊಳಗಿನ ವರ್ತಕರಿಗೆ ಯಂತ್ರದ ವ್ಯವಹಾರದ ಮೇಲೆ ಗರಿಷ್ಠ ಶೇ. 0.40, ಇತರರಿಗೆ ಗರಿಷ್ಠ ಶೇ. 0.90. ರುಪೇ ಡೆಬಿಟ್ ಕಾರ್ಡ್ ಹಾಗೂ ಯು.ಪಿ.ಐ. ಪಾವತಿಗಳ ಎಂ.ಡಿ.ಆರ್. 2020ರ ಜನವರಿ 1ರಿಂದ ಶೂನ್ಯವಾಯಿತು. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂತಹ ಮಿತಿಯನ್ನು ವಿಧಿಸಿಲ್ಲ. ಅಲ್ಲಿ ದರವು ಬ್ಯಾಂಕಿನೊಡನೆ ನಡೆಸುವ ಮಾತುಕತೆಯನ್ನೇ ಅವಲಂಬಿಸಿದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯು.ಪಿ.ಐ.ಗೆ ಜೋಡಿಸುವ ಅವಕಾಶ ದೊರೆತಿರುವುದರಿಂದ, ಕ್ಯೂಆರ್ ಫಲಕದ ಮೇಲೆ ಬರುವ ಪಾವತಿಯೆಲ್ಲವೂ ಶುಲ್ಕರಹಿತವೆಂದು ಭಾವಿಸುವಂತಿಲ್ಲ.

ತಗಾದೆ ಬಂದಾಗ

ಸಾಲು ಕಡಿದು ಚೀಟಿ ಬಾರದಿದ್ದರೂ ಗ್ರಾಹಕರ ಮೊಬೈಲಿಗೆ ಹಣ ಕಡಿತವಾದ ಸಂದೇಶ ಬರುವುದುಂಟು. ಆ ಸಂದೇಶವೊಂದನ್ನೇ ನಂಬಿ ಮಾಲು ಕೊಡುವುದು ಸೂಕ್ತವಲ್ಲ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಅಂತಹ ಹಣವು ವ್ಯವಹಾರದ ದಿನದಿಂದ 5 ದಿನಗಳೊಳಗೆ ಗ್ರಾಹಕರ ಖಾತೆಗೆ ತಾನಾಗಿಯೇ ಮರಳಬೇಕು. ತಪ್ಪಿದಲ್ಲಿ ದಿನಕ್ಕೆ ರೂ. 100ರಂತೆ ಪರಿಹಾರ ಸಲ್ಲಬೇಕು. ಇದನ್ನು ತಿಳಿಸಿದರೆ ಗಲ್ಲಾದ ಮುಂದಿನ ಅನೇಕ ವಾಗ್ವಾದಗಳು ತಪ್ಪುತ್ತವೆ.

ಇನ್ನೊಂದು ಆತಂಕ, ಜಮೆಯಾದ ಹಣ ವಾರಗಳ ನಂತರ ಹಿಂತೆಗೆಯಲ್ಪಡುವುದು. ಗ್ರಾಹಕರು ತಮ್ಮ ಬ್ಯಾಂಕಿಗೆ ತಕರಾರು ಸಲ್ಲಿಸಿದಾಗ ಚೀಟಿಯನ್ನೂ ಬಿಲ್ಲನ್ನೂ ಹಾಜರುಪಡಿಸುವ ಹೊಣೆ ವರ್ತಕರದು. ಗಡುವಿನೊಳಗೆ ದಾಖಲೆ ಕೊಡದಿದ್ದರೆ ಮಾಲೂ ಹೋಗಿ ಹಣವೂ ಹೋದಂತೆ. ಉಷ್ಣಮುದ್ರಣದ ಚೀಟಿಯ ಅಕ್ಷರಗಳು ಬೇಗ ಮಾಸುವುದರಿಂದ ಅದರ ನಕಲನ್ನು ಬಿಲ್ಲಿನೊಡನೆ ಕಾಯ್ದಿಡಬೇಕು.

ಡೆಬಿಟ್ ಕಾರ್ಡಿನ ಗ್ರಾಹಕರಿಂದ ಶುಲ್ಕವನ್ನು ಹೆಚ್ಚುವರಿಯಾಗಿ ವಸೂಲು ಮಾಡುವುದು ಸಲ್ಲದೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ತಿಳಿಸಿದೆ. ಮಾಲಿಲ್ಲದೆ ಕ್ರೆಡಿಟ್ ಕಾರ್ಡ್ ಉಜ್ಜಿ ನಗದು ಕೊಡುವುದಂತೂ ಯಂತ್ರವನ್ನೇ ಕಳೆದುಕೊಳ್ಳುವ ದಾರಿ.

ಆದ್ದರಿಂದ ವರ್ತಕ ಬಾಂಧವರು ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಪ್ರತಿ ಬಗೆಯ ಕಾರ್ಡಿನ ದರ, ಯಂತ್ರದ ಮಾಸಿಕ ಬಾಡಿಗೆ, ಹಣ ಜಮೆಯಾಗುವ ದಿನ, ತಕರಾರಿಗೆ ಉತ್ತರಿಸುವ ಗಡುವು ಈ ನಾಲ್ಕನ್ನು ಲಿಖಿತವಾಗಿ ಪಡೆಯುವುದು ಒಳಿತು. ತಿಂಗಳಿಗೊಮ್ಮೆ ಬ್ಯಾಂಕಿನ ವಿವರಣಾ ಪಟ್ಟಿಯನ್ನು ಮಾರಾಟದ ಖಾತೆಯೊಡನೆ ತಾಳೆ ನೋಡಬೇಕು. ಪುಲಿಗೆರೆಯಲ್ಲಿ ತೆರುವ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿದ್ದುದು ಎಲ್ಲರಿಗೂ ತಿಳಿದಿರಲೆಂದೇ. ಕಾರ್ಡಿನ ಲೆಕ್ಕವನ್ನಾದರೂ ವರ್ತಕರು ತಮ್ಮ ಖಾತೆಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬಹುದು.